ತನ್ನ ಮೈಯ ಸ್ವೆಟರಿಗೆ ಅಳತೆ ಹಿಡಿಯುವ ಬಗೆ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಮನೆಗೆ ಬಂದಾಗ, ನಾನು ಶಾಲೆಯ ಇತಿಹಾಸವನ್ನೋ ಗಡಿನಾಡಿನ ಕನ್ನಡ ಶಿಕ್ಷಣವನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದರು. ಆ ಎರಡನ್ನೂ ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ಆದುದರಿಂದ ಕೈಕೆಲಸದ ಅವಧಿಯ ಒಂದು ಪಾಠವನ್ನು ಆರಿಸಿಕೊಂಡಿದ್ದೇನೆ. ಆಗ ಏಳನೆಯ ತರಗತಿಯಲ್ಲಿದ್ದು ಈಗ ಮೊಮ್ಮಕ್ಕಳನ್ನು ಕಂಡಿರುವ ಹೆಣ್ಣುಮಕ್ಕಳು ಈ ಶೀರ್ಷಿಕೆಯನ್ನು ನೋಡಿ ನಗುವರೆಂಬುದನ್ನು ಬಲ್ಲೆ. ನಗಲಿ. ಅಂದು ಅರ್ಧಕ್ಕೆ ನಿಂತ ಪಾಠವನ್ನು ಎಪ್ಪತ್ತಾರನೆಯ ವಯಸ್ಸಿನಲ್ಲಿ ಪೂರ್ತಿ ಮಾಡುವ ಅವಕಾಶ ಎಷ್ಟು ಮಂದಿ ಉಪಾಧ್ಯಾಯರಿಗೆ ದೊರೆತೀತು?

ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ನಮ್ಮ ತಾಳವಾಡಿ ಸೀಮೆಗೆ ಬಂದವರಿಗೆ ಇಲ್ಲಿಯ ಚಳಿಯನ್ನು ವರ್ಣಿಸಬೇಕಾಗಿಲ್ಲ. ಕೆಳಗೆ ಸತ್ಯಮಂಗಲದಲ್ಲಿ ಬೆವರೊರೆಸಿಕೊಂಡು ಬಸ್ಸು ಹತ್ತಿದವರು ಮೇಲೆ ಬರುವಷ್ಟರಲ್ಲಿ ಟವೆಲನ್ನು ಕಿವಿಗೆ ಸುತ್ತಿಕೊಂಡಿರುತ್ತಾರೆ. ಧನುರ್ಮಾಸದ ಬೆಳಗಿನಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳ ಬಾಯಿಂದ ಹಾಡಿಗಿಂತ ಮೊದಲು ಹೊಗೆಯಂಥ ಉಸಿರು ಹೊರಡುತ್ತಿತ್ತು. ಇಂಥ ಊರಿನ ಶಾಲೆಯಲ್ಲಿ ಉಲ್ಲನ್ ಹೆಣಿಗೆಯನ್ನು ಕಲಿಸಿದುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ನಾನು ಕಲಿಸಬೇಕಾಗಿ ಬಂದುದು ಮಾತ್ರ ಆಶ್ಚರ್ಯವೇ ಸರಿ.

ಶಾಲೆ ಹುಟ್ಟಿದ ಮೂರನೆಯ ವರ್ಷ, ಅಂದರೆ 1977ರಲ್ಲಿ, ಕೈಕೆಲಸದ ಉಪಾಧ್ಯಾಯಿನಿಯವರು ಹೆರಿಗೆ ರಜೆಯ ಮೇಲೆ ಹೋದರು. ಗಣಿತದವನಾದ ನನಗೆ ಮಧ್ಯಾಹ್ನದ ಕೊನೆಯ ಅವಧಿ ಬಿಡುವಿದ್ದುದರಿಂದ ಆ ತರಗತಿ ನನ್ನ ಪಾಲಿಗೆ ಬಂತು. ಮೊದಲ ಎರಡು ವಾರ ವಿದ್ಯಾರ್ಥಿನಿಯರೇ ನನಗೆ ಗುರುಗಳು. ಕಡ್ಡಿಯ ಮೇಲೆ ಕೂರುವ ಒಂದೊಂದು ಸುತ್ತಿಗೆ ನಾವು ‘ಕುಣಿಕೆ’ ಎಂದು ಹೆಸರಿಟ್ಟುಕೊಂಡೆವು. ಈ ಕಡೆಯಿಂದ ಆ ಕಡೆಗೆ ಒಮ್ಮೆ ಹೆಣೆದು ಮುಗಿಸಿದರೆ ಒಂದು ‘ಸಾಲು’. ಕೈಗೆ ಸಿಕ್ಕಿದ ವಿನ್ಯಾಸದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಅರ್ಥ ಮಾಡಿಕೊಂಡೆ. ಎಡವಿದ್ದು ಅಲ್ಲಿಯೇ.

ಸ್ವೆಟರಿನ ವಿನ್ಯಾಸದ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಎರಡು ಸಾಲು ಅಂಕಿಗಳಿರುತ್ತವೆ. ಮೊದಲನೆಯದು ಯಾವ ಎದೆಗೆ ಹೊಂದುತ್ತದೆ ಎಂಬುದು. ಎರಡನೆಯದು ಹೆಣೆದು ಮುಗಿದ ಉಡುಪಿನ ನಿಜವಾದ ಸುತ್ತಳತೆ. ನನ್ನ ಪುಸ್ತಕದಲ್ಲಿ ಮೊದಲ ಸಾಲು 34, 36, 38, 40 ಅಂಗುಲ. ಎರಡನೆಯ ಸಾಲು 37, 39, 41, 43. ಪ್ರತಿಯೊಂದರಲ್ಲೂ ಇರುವ ಮೂರು ಅಂಗುಲದ ಅಂತರವೇ ಸಡಿಲ. ಒಳಗಿನ ಅಂಗಿಗೆ, ಉಸಿರಾಟಕ್ಕೆ, ಕೈಯಾಡಿಸುವುದಕ್ಕೆ ಬಿಟ್ಟ ಜಾಗ ಅದು. ನಾನು ಎರಡನೆಯ ಸಾಲನ್ನೇ ಮೈಯ ಅಳತೆಯೆಂದು ಓದಿಕೊಂಡೆ. ನನ್ನ ಎದೆ ಆಗ 36. ಅದಕ್ಕೆ ಹತ್ತಿರದ್ದು 37 ಎಂದು ತೀರ್ಮಾನಿಸಿ, 34ರ ಎದೆಯವನಿಗೆಂದು ಲೆಕ್ಕ ಹಾಕಿದ ಸ್ವೆಟರನ್ನು ಮೂರು ತಿಂಗಳು ಕೂತು ಹೆಣೆದೆ.

ಅದನ್ನು ಮೊದಲು ತೊಟ್ಟದ್ದು 1978ರ ಗಣರಾಜ್ಯೋತ್ಸವದ ಬೆಳಿಗ್ಗೆ. ಧ್ವಜದ ಹಗ್ಗವನ್ನು ಕಟ್ಟುವ ಕೆಲಸ ನನ್ನದು. ಎರಡು ಕೈಯನ್ನೂ ಮೇಲೆತ್ತಿದೊಡನೆ ಸ್ವೆಟರು ಹೊಕ್ಕುಳನ್ನು ದಾಟಿ ಮೇಲಕ್ಕೆ ಹೋಯಿತು; ಇಳಿಸಿದಾಗ ಇಳಿಯಲಿಲ್ಲ. ಏಳನೆಯ ತರಗತಿಯ ಸಾಲು ಅಂದು ಹೇಗೆ ನಗೆಯನ್ನು ತಡೆದುಕೊಂಡಿತೋ ಆ ಸಾಲಿನಲ್ಲಿದ್ದವರೇ ಹೇಳಬೇಕು.

ಅದೇ ವರ್ಷ ನನಗೆ ಮದುವೆಯಾಯಿತು. ಹೆಣಿಗೆಯನ್ನು ನನ್ನ ಶ್ರೀಮತಿಗೆ ಕಲಿಸಿದವನು ನಾನು. ಆರು ತಿಂಗಳಲ್ಲಿ ನನ್ನನ್ನು ಮೀರಿಸಿದವಳು ಅವಳು. ಆ ಬಿಗಿಯಾದ ಸ್ವೆಟರನ್ನು ಅವಳು ಒಂದು ಭಾನುವಾರ ಪೂರ್ತಿಯಾಗಿ ಬಿಚ್ಚಿ, ನೂಲನ್ನು ಒದ್ದೆ ಮಾಡಿ ಭಾರ ಕಟ್ಟಿ ಒಣಗಿಸಿ ಸುರುಳಿಯನ್ನು ಹೋಗಲಾಡಿಸಿದಳು. ಸಾಲದ ನೂಲನ್ನು ಚಾಮರಾಜನಗರದಿಂದ ತರಿಸಿ ಹೊಸದಾಗಿ ಹೆಣೆದಳು. ಅಲ್ಲಿಂದ ಮುಂದೆ ನಾನು ಸ್ವೆಟರನ್ನು ತೊಡುವವನಾದೆನೇ ಹೊರತು ಹೆಣೆಯುವವನಾಗಲಿಲ್ಲ. ಅವಳಿಗೊಂದು ಅಳತೆಯ ಪುಸ್ತಕವಿತ್ತು. ಅದರ ಮೊದಲ ಪುಟದಲ್ಲಿ ನನ್ನ ಕೈಬರಹದಲ್ಲಿಯೇ ‘ಎದೆ 36’ ಎಂದಿತ್ತು. ಹತ್ತು ಹನ್ನೆರಡು ವರ್ಷಗಳಿಗೊಮ್ಮೆ ಹೊಸ ಸ್ವೆಟರು ಬಂದಾಗಲೆಲ್ಲ ತೊಟ್ಟು ನೋಡಿ, “ನೋಡು, ಅದೇ ಮೂವತ್ತಾರು, ಕೂದಲೆಳೆಯಷ್ಟೂ ಬದಲಾಗಿಲ್ಲ” ಎಂದು ನಾನು ಹೆಮ್ಮೆ ಪಡುತ್ತಿದ್ದೆ. “ಹೌದು ಹೌದು” ಎನ್ನುತ್ತಿದ್ದಳು.

ಅವಳು 2017ರಲ್ಲಿ ತೀರಿಕೊಂಡಳು. ಕಳೆದ ಚಳಿಗಾಲ ಕೊನೆಯ ಸ್ವೆಟರಿನ ಮೊಣಕೈ ಸವೆದು ತೂತಾದಾಗ, ಪೆಟ್ಟಿಗೆಯಿಂದ ಕಡ್ಡಿಗಳನ್ನೂ ಆ ಪುಸ್ತಕವನ್ನೂ ಹೊರತೆಗೆದೆ. ಇನ್ನು ಪಾಠಕ್ಕೆ ಬರುತ್ತೇನೆ.

ಕಡ್ಡಿಗಳ ವಿಚಾರವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಸಂಖ್ಯೆಯಲ್ಲಿ ಅಂಕಿ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ: 8ನೆಯ ನಂಬರು 4 ಮಿಲಿಮೀಟರು, 10ನೆಯ ನಂಬರು 3¼ ಮಿಲಿಮೀಟರು. ಅಮೆರಿಕದವರ ಸಂಖ್ಯೆ ಇದಕ್ಕೆ ತಿರುಗುಮುರುಗು. ಅವರ 8ನೆಯ ನಂಬರು 5 ಮಿಲಿಮೀಟರಿನ ದಪ್ಪ ಕಡ್ಡಿ. ಪುಸ್ತಕ ಯಾವ ದೇಶದ್ದೆಂದು ನೋಡದೆ ನಂಬರನ್ನು ನಂಬಿದರೆ ಸ್ವೆಟರು ಮೀನಿನ ಬಲೆಯಾದೀತು.

ಅಳತೆಯ ಮೂಲವೆಲ್ಲ ಇರುವುದು ಮಾದರಿ ತುಂಡಿನಲ್ಲಿ. ವಿನ್ಯಾಸವನ್ನು ಬರೆದವರ ಕೈ ಬೇರೆ, ನಮ್ಮ ಕೈ ಬೇರೆ. ಒಂದೇ ನೂಲು, ಒಂದೇ ಕಡ್ಡಿ ಕೊಟ್ಟು ನೋಡಿ. ತರಗತಿಯ ಇಪ್ಪತ್ತು ಮಕ್ಕಳ ಹೆಣಿಗೆ ಇಪ್ಪತ್ತು ಬಗೆಯಾಗಿರುತ್ತದೆ. ಇಷ್ಟೇಕೆ, ಒಂದೇ ಕೈ ಕೂಡ ಎಲ್ಲ ದಿನವೂ ಒಂದೇ ಅಲ್ಲ. ಇನ್‌ಸ್ಪೆಕ್ಟರು ಬರುವ ವಾರದಲ್ಲಿ ನಾನು ಹೆಣೆದ ಸಾಲುಗಳು ಎಷ್ಟು ಬಿಗಿಯಾಗಿದ್ದುವೆಂದರೆ ಕಡ್ಡಿಯನ್ನು ಹೊರಗೆಳೆಯುವುದೇ ಕಷ್ಟವಾಗಿತ್ತು. ಆದುದರಿಂದ ಸ್ವೆಟರಿಗೆ ಬಳಸುವ ನೂಲು, ಕಡ್ಡಿಗಳಿಂದಲೇ ಸುಮಾರು 6 ಅಂಗುಲ ಚೌಕದ ತುಂಡೊಂದನ್ನು ಹೆಣೆಯಬೇಕು. ಸ್ವೆಟರನ್ನು ಮುಂದೆ ಹೇಗೆ ಒಗೆಯುವಿರೋ ಹಾಗೆಯೇ ಅದನ್ನೂ ಒಗೆದು, ಜೋತುಹಾಕದೆ ಹಾಸಿ ಒಣಗಿಸಬೇಕು. ಅಂಚುಗಳು ಸುರುಳಿಕೊಳ್ಳುವುದರಿಂದ ಅಂಚನ್ನು ಬಿಟ್ಟು ನಡುವಿನ 4 ಅಂಗುಲದಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಎಂಬುದನ್ನು ಎಣಿಸಬೇಕು. ಈಗ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದಕ್ಕೆ ಬಿಸಿ ಇಸ್ತ್ರಿ ತಾಗಿದರೆ ಹೆಣಿಗೆ ಸತ್ತು ಜೋಲುಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ನಿಜವಾದ ಉಣ್ಣೆ ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಕಂಬಳಿಯಾಗುತ್ತದೆ. ಈ ಅನಾಹುತವೇನಿದ್ದರೂ ತುಂಡಿಗೇ ಆಗಿಹೋಗಲಿ.

ನನ್ನ ಕೈಗೆ 8ನೆಯ ನಂಬರಿನ ಕಡ್ಡಿಯಲ್ಲಿ 4 ಅಂಗುಲಕ್ಕೆ 22 ಕುಣಿಕೆ, 30 ಸಾಲು ಬಂದುವು. ಅಂದರೆ ಅಂಗುಲಕ್ಕೆ 5½ ಕುಣಿಕೆ. ಆ ಅರ್ಧ ಕುಣಿಕೆಯನ್ನು ತಾತ್ಸಾರ ಮಾಡುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಮೈಯ ಸುತ್ತ 240 ಕುಣಿಕೆಗಳಿವೆ ಎನ್ನೋಣ. ಅಂಗುಲಕ್ಕೆ 5½ರಂತೆ ಅದು 43½ ಅಂಗುಲಕ್ಕೆ ಸ್ವಲ್ಪ ಹೆಚ್ಚು. ಕೈ ಬಿಗಿಯಾಗಿ ಅಂಗುಲಕ್ಕೆ 6 ಆದರೆ ಸರಿಯಾಗಿ 40. ಮೂರೂವರೆ ಅಂಗುಲಕ್ಕಿಂತ ಹೆಚ್ಚು ಕಳೆದುಹೋಯಿತು! ಬಿಟ್ಟ ಸಡಿಲವೆಲ್ಲ ಅದರಲ್ಲಿಯೇ ಮುಗಿಯಿತು. ತುಂಡು ಬಿಗಿಯಾಗಿ ಬಂದರೆ ಕೈಯನ್ನು ತಿದ್ದಲು ಹೋಗಬಾರದು, ಕಡ್ಡಿಯನ್ನು ಬದಲಾಯಿಸಬೇಕು. ಕೈಯನ್ನು ತಿದ್ದಿದ್ದು ಹತ್ತು ಸಾಲಿನವರೆಗೆ ನೆನಪಿರುತ್ತದೆ, ಆಮೇಲೆ ಅದು ತನ್ನ ಸ್ವಭಾವಕ್ಕೇ ಮರಳುತ್ತದೆ.

ಇಷ್ಟೆಲ್ಲ ಬಲ್ಲವನು ಕಳೆದ ವರ್ಷ ಏನು ಮಾಡಿದೆನೆಂಬುದನ್ನು ಹೇಳದಿದ್ದರೆ ಪಾಠ ಪ್ರಾಮಾಣಿಕವಾಗದು. ಮಾದರಿ ತುಂಡನ್ನು ಶ್ರದ್ಧೆಯಿಂದ ಹೆಣೆದೆ, ಒಗೆದೆ, ಎಣಿಸಿದೆ. ಮೈಯ ಅಳತೆಯನ್ನು ಮಾತ್ರ ಪುಸ್ತಕದ ಮೊದಲ ಪುಟದಿಂದ ಎತ್ತಿಕೊಂಡೆ. ಎದೆ 36, ಸಡಿಲ 3, ಒಟ್ಟು 39. ಅರ್ಧ 19½ ಅಂಗುಲಕ್ಕೆ 107 ಕುಣಿಕೆ. ಪಕ್ಕದ ಹೊಲಿಗೆಗೆ 2 ಸೇರಿಸಿ, ಸಮಸಂಖ್ಯೆಗೆ ತಂದು 110. ಬೆನ್ನಿನ ಭಾಗವನ್ನು ನಲವತ್ತು ದಿನಗಳಲ್ಲಿ ಮುಗಿಸಿ, ಊರಿನಲ್ಲಿ ದರ್ಜಿ ಅಂಗಡಿ ಇಟ್ಟಿರುವ ನಮ್ಮ ಮೊದಲ ತಂಡದ ವಿದ್ಯಾರ್ಥಿಗೆ ತೋರಿಸಲು ಕೊಂಡೊಯ್ದೆ. ಆತ ಅದನ್ನು ನನ್ನ ಬೆನ್ನಿಗೆ ಹಿಡಿದು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಹಳ ವಿನಯದಿಂದ, “ಮೇಷ್ಟ್ರೇ, ಇದು ಯಾರಿಗೆ?” ಎಂದು ಕೇಳಿದ.

ಮನೆಗೆ ಬಂದು ಪುಸ್ತಕದ ಉಳಿದ ಪುಟಗಳನ್ನು ತಿರುವಿದೆ. ನನ್ನ ಸ್ವೆಟರಿಗೆ ಅವಳು ಬರೆದುಕೊಂಡದ್ದು ಬೆನ್ನಿನ ಕುಣಿಕೆಗಳ ಸಂಖ್ಯೆ ಮಾತ್ರ. 1978ರಲ್ಲಿ 110. 1988ರಲ್ಲಿ 114. 1999ರಲ್ಲಿ 118. 2011ರಲ್ಲಿ 124. ಎಲ್ಲವೂ ಅದೇ ಕಡ್ಡಿ, ಅದೇ ದಪ್ಪದ ನೂಲು. ಹೊಲಿಗೆಯ 2 ಕುಣಿಕೆಗಳನ್ನು ಕಳೆದು 5½ರಿಂದ ಭಾಗಿಸಿ ಎರಡರಿಂದ ಗುಣಿಸಿದರೆ ಕ್ರಮವಾಗಿ 39, 40½, 42, 44 ಅಂಗುಲಗಳು ಮತ್ತು ಮೇಲೆ ಚೂರುಪಾರು. ಸವೆದ ಸ್ವೆಟರನ್ನು ಮೇಜಿನ ಮೇಲೆ ಹಾಸಿ ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿದೆ: 22 ಅಂಗುಲ. ಲೆಕ್ಕ ಸರಿಯಾಗಿಯೇ ಇತ್ತು. ಮೂವತ್ತಮೂರು ವರ್ಷ ಅವಳು ಸದ್ದಿಲ್ಲದೆ ಕುಣಿಕೆಗಳನ್ನು ಕೂಡಿಸುತ್ತ ಬಂದಿದ್ದಳು, ಮೊದಲ ಪುಟದ 36ನ್ನು ಹೊಡೆದುಹಾಕದೆ. ಎಷ್ಟೋ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ನಾನು ಆ ರಾತ್ರಿ ಆ ನಾಲ್ಕು ಅಂಕಿಗಳನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಮರುದಿನ ಅದೇ ವಿದ್ಯಾರ್ಥಿಯ ಮುಂದೆ ನಿಂತೆ. ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಗಳಿವೆ. ಎದೆಯ ಅಳತೆಯನ್ನು ತನಗೆ ತಾನೇ ಹಿಡಿದುಕೊಳ್ಳುವುದು ಆಗದ ಮಾತು. ಟೇಪನ್ನು ಹಿಡಿಯಲು ಕೈಯೆತ್ತಿದೊಡನೆ ಎದೆಯ ಸುತ್ತಳತೆ ಬದಲಾಗುತ್ತದೆ, ಬೆನ್ನ ಹಿಂದೆ ಟೇಪು ಜಾರಿದ್ದು ಕಾಣುವುದಿಲ್ಲ. ಇನ್ನೊಬ್ಬರು ಹಿಡಿಯಬೇಕು, ನಾವು ಕೈ ಇಳಿಬಿಟ್ಟು, ಬನಿಯನ್ನಿನಲ್ಲಿ, ಸಹಜವಾಗಿ ಉಸಿರಾಡುತ್ತ ನಿಲ್ಲಬೇಕು. ಈ ‘ಸಹಜವಾಗಿ’ ಎಂಬುದೇ ಕಠಿಣ. ಟೇಪನ್ನು ಕಂಡೊಡನೆ ಮನುಷ್ಯ ಹೊಟ್ಟೆಯನ್ನು ಒಳಗೆಳೆದು ಎದೆಯನ್ನು ಮುಂದೆ ಮಾಡುತ್ತಾನೆ. ನಾನೂ ಮಾಡಿದೆ. “ಉಸಿರು ಬಿಡಿ ಮೇಷ್ಟ್ರೇ, ಫೋಟೋ ತೆಗೀತಿಲ್ಲ” ಎಂದ. ಬಿಟ್ಟೆ. ಎದೆ 40 ಬಂತು, ಹೊಟ್ಟೆ 41. ಹದಿನಾಲ್ಕು ವರ್ಷಗಳ ಹಿಂದಿನ ನನಗಿಂತ ಮೇಲ್ಮೈ ಸ್ವಲ್ಪ ಇಳಿದಿದೆ. ಹೊಟ್ಟೆ ತನ್ನ ಜಾಗವನ್ನು ಬಿಟ್ಟುಕೊಟ್ಟಿಲ್ಲ.

ಸಡಿಲ ಎಷ್ಟಿರಬೇಕೆಂಬುದು ತೊಡುವವರ ಇಷ್ಟಕ್ಕೂ ಬಳಕೆಗೂ ಸೇರಿದ್ದು. ಅಂಗಿಯ ಮೇಲೆ ತೊಡುವ ಸ್ವೆಟರಿಗೆ 3ರಿಂದ 4 ಅಂಗುಲ ಸಾಧು. ನೂಲು ದಪ್ಪವಾದಷ್ಟೂ ಒಳಗಿನ ಜಾಗವನ್ನು ಅದೇ ನುಂಗುವುದರಿಂದ ಸಡಿಲ ಹೆಚ್ಚು ಬೇಕು. ಎದೆ 40ಕ್ಕೆ 3 ಕೂಡಿಸಿ 43 ಮಾಡಿದೆ. 41ರ ಹೊಟ್ಟೆಗೂ 2 ಅಂಗುಲ ಉಳಿಯಿತು. ಹೊಟ್ಟೆ ಇದಕ್ಕಿಂತ ಮುಂದೆ ಬಂದಿರುವ ಮಿತ್ರರು ದೊಡ್ಡ ಅಳತೆಯ ವಿನ್ಯಾಸವನ್ನು ಸಾರಾಸಗಟಾಗಿ ಹಿಡಿಯಬಾರದು. ಹಾಗೆ ಮಾಡಿದರೆ ಭುಜ ಜೋತು, ಅಣ್ಣನ ಅಂಗಿಯನ್ನು ತೊಟ್ಟ ತಮ್ಮನಂತೆ ಕಾಣುತ್ತದೆ. ಭುಜಕ್ಕೂ ಕತ್ತಿಗೂ ಎದೆಯ ಅಳತೆಯೇ ಇರಲಿ. ಕೆಳಭಾಗಕ್ಕೆ ಮಾತ್ರ ಹೆಚ್ಚು ಕುಣಿಕೆ ಹಾಕಿ, ಕಂಕುಳಿಗೆ ಬರುವಷ್ಟರಲ್ಲಿ ಎರಡು ಪಕ್ಕದಲ್ಲೂ ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಬೇಕು. ವಿನ್ಯಾಸದಲ್ಲಿ ನಾಲ್ಕೈದು ಅಳತೆಗಳ ಅಂಕಿಗಳು ಒಂದೇ ಸಾಲಿನಲ್ಲಿ ಆವರಣದೊಳಗೆ ಬರುತ್ತವೆ. ಹೆಣೆಯಲು ತೊಡಗುವ ಮೊದಲೇ ತನ್ನ ಅಳತೆಯ ಅಂಕಿಗೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿಕೊಳ್ಳುವುದು ಕ್ಷೇಮ.

ತೋಳಿನ ಉದ್ದದಲ್ಲಿ ತಪ್ಪುವವರೇ ಹೆಚ್ಚು. ಕತ್ತಿನ ಹಿಂಬದಿಯ ಉಬ್ಬಿದ ಮೂಳೆಯಿಂದ ಭುಜದ ಮೇಲೆ ಹಾದು, ಮೊಣಕೈಯನ್ನು ತುಸು ಮಡಿಸಿ, ಮಣಿಕಟ್ಟಿನವರೆಗೆ ಅಳೆಯಬೇಕು. ನನ್ನದು 30 ಅಂಗುಲ. ತೋಳನ್ನು ನೇರವಾಗಿ ಜೋಡಿಸುವ, ಭುಜ ಕೆಳಕ್ಕೆ ಇಳಿಯುವ ಸರಳವಾದ ಸ್ವೆಟರಾದರೆ, ಮೈಯ ಅಗಲ 21½ ಅಂಗುಲ, ಅದರ ಅರ್ಧ 10¾. ಅದನ್ನು 30ರಲ್ಲಿ ಕಳೆದರೆ ತೋಳು 19¼ ಅಂಗುಲ. ಮೈಯನ್ನು ಅಗಲ ಮಾಡಿದಷ್ಟೂ ತೋಳು ಗಿಡ್ಡವಾಗಬೇಕೆಂಬುದು ಇದರಿಂದ ತಿಳಿಯುತ್ತದೆ. ಇದನ್ನು ಮರೆತವರ ಕೈಬೆರಳುಗಳು ತೋಳಿನೊಳಗೇ ಕಾಣೆಯಾಗುತ್ತವೆ.

ಗಣಿತದವನಿಗೆ ಮೆಚ್ಚುಗೆಯಾಗುವ ಇನ್ನೊಂದು ದಾರಿಯಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಝಿಮ್ಮರ್‌ಮನ್ ಎಂಬಾಕೆ (1910–1999) ಸ್ವೆಟರನ್ನು ಶೇಕಡಾವಾರು ಲೆಕ್ಕಕ್ಕೆ ಇಳಿಸಿದರು. ‘ನಿಟಿಂಗ್ ವಿದೌಟ್ ಟಿಯರ್ಸ್’ ಎಂಬ ಅವರ ಪುಸ್ತಕ 1971ರಲ್ಲಿ ಪ್ರಕಟವಾಯಿತು. ನನ್ನ ಮೊಮ್ಮಗಳು ಅದರ ವಿಚಾರವನ್ನು ಓದಿ ಹೇಳಿದಳು. ಮೈಯ ಸುತ್ತಿನ ಒಟ್ಟು ಕುಣಿಕೆಗಳನ್ನು ನೂರು ಎಂದಿಟ್ಟುಕೊಂಡರೆ ಮಣಿಕಟ್ಟಿಗೆ 20, ತೋಳಿನ ಮೇಲ್ಭಾಗಕ್ಕೆ ಸುಮಾರು 33. ನನ್ನ 236 ಕುಣಿಕೆಗಳಿಗೆ ಮಣಿಕಟ್ಟು 47, ಮೇಲ್ತೋಳು 78. ಅಂಗುಲಕ್ಕೆ ತಿರುಗಿಸಿದರೆ 8½ ಮತ್ತು 14. ನನ್ನ ತೋಳಿಗೆ ಹಿಡಿದು ನೋಡಿದೆ, ಹೊಂದುತ್ತದೆ. ಐದನೆಯ ತರಗತಿಯಲ್ಲಿ ಶೇಕಡಾ ಲೆಕ್ಕ ಯಾತಕ್ಕೆಂದು ಕೇಳುತ್ತಿದ್ದ ಹುಡುಗರಿಗೆ ಹೇಳಲು ಆಗ ನನಗೆ ಈ ಉದಾಹರಣೆ ತಿಳಿದಿರಲಿಲ್ಲವಲ್ಲ!

ನನ್ನಂಥ ವಯಸ್ಸಾದವರಿಗಾಗಿ ಯಾವ ವಿನ್ಯಾಸದ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬೀಳದ ಒಂದು ಮಾತನ್ನು ಹೇಳಬೇಕು. ಬೆನ್ನು ಬಾಗಿದವನಿಗೆ ಸ್ವೆಟರಿನ ಹಿಂಭಾಗ ಗಿಡ್ಡವಾಗಿ ಸೊಂಟಕ್ಕೆ ಗಾಳಿ ಹೊಡೆಯುತ್ತದೆ. ಮುಂಭಾಗ ಉದ್ದವಾಗಿ ಹೊಟ್ಟೆಯ ಮೇಲೆ ಮಡಿಕೆ ಬೀಳುತ್ತದೆ. ಕತ್ತು ಹಿಂದಕ್ಕೆ ಎಳೆಯುತ್ತದೆ. ದರ್ಜಿ ಇದನ್ನು ನೋಡಿದೊಡನೆ ಹೇಳಿದ: ಬೆನ್ನಿಗೆ ಒಂದು ಅಂಗುಲ ಹೆಚ್ಚು ಬೇಕು. ಒಟ್ಟು ಉದ್ದವನ್ನೇ ಹೆಚ್ಚಿಸಿ ಪ್ರಯೋಜನವಿಲ್ಲ, ಮುಂಭಾಗವೂ ಹೆಚ್ಚಾಗಿ ಮಡಿಕೆ ಹಾಗೇ ಉಳಿಯುತ್ತದೆ. ಬೆನ್ನಿನ ಭಾಗ ಭುಜದ ಹತ್ತಿರಕ್ಕೆ ಬಂದಾಗ, ಅಂಚಿನವರೆಗೆ ಹೋಗದೆ ನಡುವಿನ ಕುಣಿಕೆಗಳಲ್ಲಿ ಮಾತ್ರ ಹೋಗಿ ಬರುವ ಅರ್ಧಸಾಲುಗಳನ್ನು ಸೇರಿಸಬೇಕು. ನನ್ನ ಕೈಗೆ ಅಂಗುಲಕ್ಕೆ 7½ ಸಾಲು. ಆದ್ದರಿಂದ 8 ಅರ್ಧಸಾಲು. ಪಕ್ಕದ ಹೊಲಿಗೆಗಳು ಸರಿಸಮವಾಗಿಯೇ ಉಳಿದು ನಡುಬೆನ್ನಿಗೆ ಮಾತ್ರ ಉದ್ದ ಸಿಗುತ್ತದೆ. ಆಮೇಲೆ ಸವೆದ ಸ್ವೆಟರನ್ನು ತಿರುಗಿಸಿ ನೋಡಿದೆ: ಕತ್ತಿನ ಕೆಳಗೆ ಅಂಥ ನಾಲ್ಕು ಸಾಲುಗಳು. 2011ರಲ್ಲಿಯೇ. ನಾನು ಆಗ ನೆಟ್ಟಗೆ ನಡೆಯುತ್ತಿದ್ದೆನೆಂದು ಇಂದಿಗೂ ಸಾಧಿಸಬಲ್ಲೆ, ಆದರೆ ಸ್ವೆಟರು ಒಪ್ಪುವುದಿಲ್ಲ.

ಆ 110 ಕುಣಿಕೆಯ ಬೆನ್ನನ್ನು ಬಿಚ್ಚಿಬಿಟ್ಟೆ. ನಲವತ್ತು ದಿನದ ಹೆಣಿಗೆ ಒಂದು ಸಂಜೆಯಲ್ಲಿ ಉಂಡೆಯಾಯಿತು. ಹೊಸ ಲೆಕ್ಕ: 43ರ ಅರ್ಧ 21½ ಅಂಗುಲಕ್ಕೆ 118, ಹೊಲಿಗೆಗೆ 2, ಒಟ್ಟು 120. ಬಾರ್ಡರನ್ನು 10ನೆಯ ನಂಬರಿನಲ್ಲಿ ಹೆಣೆದು 8ಕ್ಕೆ ಬದಲಾಯಿಸಿದೆ. ಬೆನ್ನು ಮುಗಿಸಿ ದರ್ಜಿಗೆ ಮತ್ತೊಮ್ಮೆ ತೋರಿಸಿದೆ. ಈ ಸಲ ಆತ ಯಾರಿಗೆಂದು ಕೇಳಲಿಲ್ಲ. ಪುಸ್ತಕದಲ್ಲಿ 124ರ ಕೆಳಗೆ 120 ಎಂದು ಬರೆದು ಇಸವಿಯನ್ನೂ ಹಾಕಿದ್ದೇನೆ. ಮೊದಲ ಪುಟದ 36ನ್ನು ಅವಳು ಬಿಟ್ಟಂತೆಯೇ ಬಿಟ್ಟಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಒಂದು ತೋಳು ಬಾಕಿಯಿದೆ. ಉತ್ಸವದ ದಿನಕ್ಕೆ ಮುಗಿಯದಿದ್ದರೆ ಮೊಣಕೈ ತೂತಾದ ಹಳೆಯದರಲ್ಲಿಯೇ ಬರುತ್ತೇನೆ. ಧ್ವಜದ ಹಗ್ಗವನ್ನು ಬೇರೆ ಯಾರಾದರೂ ಕಟ್ಟಲಿ.